ಗುಂಡಿನ ಸದ್ದು ಬೇಡ, ಮಾತು ಬೇಕು

ಶಹಾಪುರದ ಕಾಲೇಜೊಂದರಲ್ಲಿ ನಾನು ದೈಹಿಕ ಶಿಕ್ಷಣ ಕಲಿಸುತ್ತೇನೆ. ಅಲ್ಲಿಯ ಕೆಡೆಟ್ ಹುಡುಗಿಯರ ದಳವೂ ನನ್ನ ಕೈಯಲ್ಲೇ ಇದೆ. ವರ್ಷಕ್ಕೆರಡು ಸಲ ಅವರನ್ನು ಭೀಮರಾಯನಗುಡಿಯ ಆಚೆ, ಗುಡ್ಡದ ಬುಡದಲ್ಲಿರುವ ಫೈರಿಂಗ್ ರೇಂಜಿಗೆ ಕರೆದೊಯ್ಯುತ್ತೇನೆ. ಐದು ಚಾಪೆ, ಐದು ರೈಫಲ್. ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿಯಬೇಕು. ಅಲ್ಲಿ ಹುಕುಂ ಕೊಡುವವರು ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಅವರನ್ನು ನಾವೆಲ್ಲರೂ ಉಸ್ತಾದ್ ಎಂದೇ ಕರೆಯುತ್ತೇವೆ.

ಕಿವಿಗೆ ಏನು ರಕ್ಷಣೆ ಎಂದರೆ, ಬಹಳ ವರ್ಷ ನಮ್ಮಲ್ಲಿ ಇದ್ದದ್ದು ಹತ್ತಿ ಮಾತ್ರ. ನಮ್ಮ ಜಿಲ್ಲೆಯಲ್ಲಿ ಹತ್ತಿಗೇನು ಕೊರತೆ! ವಿದ್ಯಾರ್ಥಿನಿಯಾಗಿದ್ದಾಗ ನಾನೂ ಅದನ್ನೇ ತುರುಕಿಕೊಂಡು ಗುಂಡು ಹೊಡೆದವಳು. ಅದರ ಫಲವಾಗಿ ನನ್ನ ಬಲಗಿವಿಯಲ್ಲಿ ಈಗಲೂ ಒಂದು ಸಣ್ಣ ಗುಂಯ್‌ಗುಡುವ ಸದ್ದಿದೆ. ಅದಕ್ಕೇ ನನ್ನ ಹುಡುಗಿಯರಿಗೆ ಹತ್ತಿಯ ಬದಲು, ಒತ್ತಿ ಹಾಕಿಕೊಳ್ಳುವ ಸ್ಪಂಜಿನ ಬಿರಡೆ ತರಿಸಿಕೊಟ್ಟೆ. ಬಹಳ ಜಾಣ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಹೋದ ವರ್ಷ ಫೈರಿಂಗ್ ನಡೆದಿದ್ದಾಗ, ಗುರಿಹಲಗೆಗಳ ಪಕ್ಕದ ಜಾಲಿಗಿಡಗಳ ನಡುವಿನಿಂದ ಐದಾರು ಆಡುಗಳು ನುಗ್ಗಿದವು. ಅವುಗಳ ಹಿಂದೆ ಕೋಲು ಹಿಡಿದ ಒಬ್ಬ ಮುದುಕಿ. ಉಸ್ತಾದರು "ಥಮ್!" ಎಂದು ಕೂಗಿದರು. ನಿಲ್ಲಿಸು ಎಂದು ಅದರರ್ಥ. ನಾಲ್ವರು ಬೆರಳು ತೆಗೆದರು. ಮೂರನೆಯ ಚಾಪೆಯ ಹುಡುಗಿ ಇನ್ನೊಂದು ಗುಂಡು ಹೊಡೆದಳು.

ಗುಂಡು ಅವಳ ಗುರಿಗೇ ಬಿತ್ತು, ಮುದುಕಿ ದೂರವಿದ್ದಳು. ಆದರೂ ನಾನು ಮೂರನೆಯ ಚಾಪೆಯತ್ತ ಓಡಿದೆ. ಆ ಹುಡುಗಿ ಕಕ್ಕೇರಾದವಳು, ದಳದಲ್ಲೇ ಒಳ್ಳೆಯ ಗುರಿಕಾರ್ತಿ. ಎದ್ದು ನಿಂತು ಬಿರಡೆ ತೆಗೆದಾಗ ಅವಳ ಮುಖ ಬಿಳಿಚಿತ್ತು.

"ನಂಗ ಖರೇನ ಕೇಳಸಲಿಲ್ರಿ ಮೇಡಂ" ಎಂದಳು.

ಉಸ್ತಾದರು ಸಿಡಿದರು. "ಕಿವಿಗೆ ಬೂಚ್ ಹಾಕ್ಕೊಂಡ್ರ ಹುಕುಂ ಯಾರು ಕೇಳ್ಬೇಕು? ತೆಗೀರಿ ಎಲ್ಲಾರೂ!"

"ತೆಗೆಯೋದಿಲ್ರಿ ಉಸ್ತಾದ್" ಎಂದೆ ನಾನು. "ಇವರ ಕಿವಿ ಕೆಡಸಾಕ ನಾ ಕರ್ಕೊಂಡು ಬಂದಿಲ್ಲ."

"ಮೂವತ್ತು ವರ್ಷ ಬಂದೂಕ ಹೊಡದೀನಿ. ನನಗೇನಾಗೈತಿ?"

"ನಿಮಗ ಕೇಳಸೂದು ಕಡಿಮಿ ಆಗೈತ್ರಿ" ಎಂದೆ ಮೆಲ್ಲಗೆ.

"ಏನಂದ್ರಿ?" ಎಂದರು ಅವರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದೂ ಅವರಿಗೆ ಕೇಳಿಸಲಿಲ್ಲ. ಆವತ್ತಿಗೆ ಫೈರಿಂಗ್ ನಿಲ್ಲಿಸಿ, ಹುಡುಗಿಯರನ್ನು ವಾಪಸು ಕರೆತಂದೆ.

ಉಸ್ತಾದರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದು ನನ್ನನ್ನು ಕೊರೆಯಿತು. ಗುಂಡಿನ ಸದ್ದು ಒಳಗೆ ಬರಬಾರದು, ಮಾತು ಬರಬೇಕು. ಆ ಶನಿವಾರವೇ ಯಾದಗಿರಿಯ ಕಿವಿ ಡಾಕ್ಟರ ಹತ್ತಿರ ಹೋದೆ. ನನ್ನ ಬಲಗಿವಿ ಪರೀಕ್ಷಿಸಿ, "ಹೋದದ್ದು ತಿರುಗಿ ಬರೂದಿಲ್ರಿ. ಇದ್ದದ್ದು ಕಾಯ್ಕೋರಿ" ಎಂದರು. ಎಲೆಕ್ಟ್ರಾನಿಕ್ ಕಿವಿಗವಸಿನ ಬಗ್ಗೆ ಕೇಳಿದಾಗ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕಿವಿ ಮುಚ್ಚುವ ಎರಡು ಬಟ್ಟಲು. ಹೊರಗೆ ಸಣ್ಣ ಮೈಕು, ಒಳಗೆ ಸಣ್ಣ ಸ್ಪೀಕರು. ಮೆಲುಮಾತನ್ನು ಮೈಕು ಒಳಗೆ ತರುತ್ತದೆ. ಗುಂಡು ಸಿಡಿದಾಗ ಸ್ಪೀಕರು ಅದನ್ನು ಒಳಗೆ ಬಿಡುವುದಿಲ್ಲ.

"ಒಂದು ಮಾತು ನೆನಪಿಡ್ರಿ" ಎಂದರು. "ಕಿವಿ ಕಾಯೋದು ಬ್ಯಾಟರಿ ಅಲ್ಲ, ಬಟ್ಟಲು. ಬ್ಯಾಟರಿ ಮಾತು ಕೇಳಸ್ತೈತಿ, ಅಷ್ಟ. ಎಷ್ಟು ಡೆಸಿಬಲ್ ಸದ್ದು ತಡೀತೈತಿ ಅಂತ ಡಬ್ಬಿ ಮ್ಯಾಲ ಬರದಿರಬೇಕು. ಬರದಿಲ್ಲಂದ್ರ ಮುಟ್ಟಬ್ಯಾಡ್ರಿ."

ಮುಟ್ಟಬೇಡಿ ಎಂದದ್ದನ್ನೇ ನಾನು ಮೊದಲು ಮುಟ್ಟಿದ್ದು. ಫೋನಿನಲ್ಲಿ ಕಂಡ ಚಿತ್ರ ಅಷ್ಟು ಚೆನ್ನಾಗಿತ್ತು, ತರಿಸಿಬಿಟ್ಟೆ. ಬೆಳಗುವ ದೀಪ, ಹಾಡು ಕೇಳುವ ಸೌಲಭ್ಯ, ಎಲ್ಲ ಇತ್ತು. ಡಬ್ಬಿಯ ಮೇಲೆ ಡೆಸಿಬಲ್ ಅಂಕಿ ಮಾತ್ರ ಇರಲಿಲ್ಲ. ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತೆ. ಯಜಮಾನರು ನನ್ನ ಹಿಂದೆ ಸ್ಟೀಲ್ ತಾಟನ್ನು ಲಟ್ಟಣಿಗೆಯಿಂದ ಬಡಿದು, ಆ ಕೂಡಲೇ "ಸಾಕೇನು?" ಎಂದು ಕೇಳಬೇಕು, ಇದು ಪರೀಕ್ಷೆ. ತಾಟು ಬಡಿದೊಡನೆ ಗವಸು ಪೂರ್ತಿ ಮೂಕವಾಯಿತು. ಅದು ಮತ್ತೆ ಬಾಯಿ ಬಿಟ್ಟಾಗ ನನಗೆ ಕೇಳಿಸಿದ್ದು "ಏನು" ಅಷ್ಟೇ. ಗುಂಡಿನ ಬೆನ್ನಿಗೇ "ಥಮ್" ಎಂದರೆ ಇದು ಅದನ್ನೂ ನುಂಗುತ್ತದೆ ಅನ್ನುವುದು ಖಚಿತವಾಯಿತು. ಮರುದಿನವೇ ವಾಪಸು ಕಳಿಸಿದೆ.

ಎರಡನೆಯದಕ್ಕೆ ಅಂಕಿಯೂ ಇತ್ತು, ತಾಟಿನ ಪರೀಕ್ಷೆಯಲ್ಲೂ ಪಾಸಾಯಿತು. ಅಷ್ಟಕ್ಕೇ ಸುಮ್ಮನಾಗದೆ, ನೆಲದ ಮೇಲೆ ಬೋರಲು ಮಲಗಿ, ಕವಾಯತಿನ ಮರದ ರೈಫಲ್‌ಗೆ ಕೆನ್ನೆ ಹಚ್ಚಿ ನೋಡಿದೆ. ಬಟ್ಟಲಿನ ದಪ್ಪ ಅಂಚು ಹಿಡಿಕೆಗೆ ತಗುಲಿ ಮೇಲೆದ್ದಿತು. ಕಿವಿಯ ಕೆಳಗೆ ಬೆರಳು ತೂರುವಷ್ಟು ಸಂದು. ಆ ಸಂದಿನಲ್ಲಿ ಸದ್ದು ಆರಾಮಾಗಿ ಒಳಗೆ ಬರುತ್ತದೆ. ಅಂಗಡಿಯಲ್ಲಿ ನಿಂತು ಹಾಕಿಕೊಂಡು ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗುಂಡು ಹೊಡೆಯುವ ಭಂಗಿಯಲ್ಲೇ ನೋಡಬೇಕು.

ಮೂರನೆಯದು ನೋಡಲು ಏನೂ ಅಲ್ಲ, ಮಾಸಲು ಹಸಿರು. ಅಂಚು ತೆಳ್ಳಗೆ, ಕೆಳಗೆ ಕೊಂಚ ಕೊರೆದಂತೆ. ಡೆಸಿಬಲ್ ಅಂಕಿ ಇತ್ತು, ತಾಟಿನ ಪರೀಕ್ಷೆಯಲ್ಲಿ ಪಾಸಾಯಿತು, ಮಲಗಿ ಕೆನ್ನೆ ಹಚ್ಚಿದಾಗ ಸಂದೂ ಬೀಳಲಿಲ್ಲ. ಎರಡೂ ಬಟ್ಟಲಿಗೆ ಬೇರೆಬೇರೆ ಮೈಕು ಇದ್ದುದರಿಂದ ಮಾತು ಎಡದಿಂದ ಬಂತೋ ಬಲದಿಂದ ಬಂತೋ ತಿಳಿಯುತ್ತಿತ್ತು. ಬ್ಯಾಟರಿ ಗೋಡೆ ಗಡಿಯಾರಕ್ಕೆ ಹಾಕುವ ತರಹದ ಸಾಮಾನ್ಯ ಸೆಲ್ಲು, ಶಹಾಪುರದ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನನ್ನ ಚಷ್ಮಾದ ಕಡ್ಡಿ ಬಟ್ಟಲಂಚಿನ ಮೆತ್ತೆಯನ್ನು ಸ್ವಲ್ಪ ಎತ್ತುತ್ತಿತ್ತು. ತೆಳು ಕಡ್ಡಿಯ ಚಷ್ಮಾ ಮಾಡಿಸಿಕೊಂಡೆ. ಕೆಟ್ಟ ಕಿವಿಯವಳಾದ್ದರಿಂದ ಒಳಗೆ ಸ್ಪಂಜಿನ ಬಿರಡೆಯನ್ನೂ ಹಾಕಿ, ಮೇಲೆ ಗವಸು ತೊಟ್ಟು, ಅದರ ದನಿ ಏರಿಸಿಕೊಳ್ಳುವುದನ್ನು ರೂಢಿಸಿಕೊಂಡೆ. ಇದೇ ನಮ್ಮದು ಎಂದು ತೀರ್ಮಾನಿಸಿ, ಐದು ಚಾಪೆಗೆ ಐದು, ಉಸ್ತಾದರಿಗೆ ಒಂದು, ನನಗೊಂದು ತರಿಸಲು ಕಾಲೇಜಿನ ಒಪ್ಪಿಗೆ ಪಡೆದೆ.

ಮುಂದಿನ ಫೈರಿಂಗಿನ ದಿನ ಹುಡುಗಿಯರಿಗೆ ಯಾದಗಿರಿ ಡಾಕ್ಟರ ಮಾತು ತಿಳಿಸಿ, ಝುಮಕಿ ಬಿಚ್ಚಿಸಿ, ಜಡೆಯನ್ನು ಕೆಳಗೆ ಕಟ್ಟಿಸಿದೆ. ಮೆತ್ತೆಯಡಿ ಒಂದು ಕೂದಲೆಳೆ ಸಿಕ್ಕರೂ ಬಿಡಲಿಲ್ಲ. ಉಸ್ತಾದರು ಕೈಕಟ್ಟಿ ನೋಡುತ್ತಿದ್ದರು. ಮೊದಲು ನಾನೇ ಸೆಲ್ಲು ತೆಗೆದ ಗವಸನ್ನು ಹಾಕಿಕೊಂಡು ಅವರಿಂದ ಒಂದು ಗುಂಡು ಹೊಡೆಸಿದೆ. ಬಾಗಿಲ ಆಚೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ ಕೇಳಿಸಿತು. ಬಟ್ಟಲು ತನ್ನ ಕೆಲಸ ಮಾಡಿತ್ತು. ಆಮೇಲೆ ಸೆಲ್ಲು ಹಾಕಿ, ಕಕ್ಕೇರಾದ ಹುಡುಗಿಯನ್ನು ಮೂರನೆಯ ಚಾಪೆಗೇ ಕಳಿಸಿದೆ. ಅವಳು ಹಿಂಜರಿದಳು.

"ನೀನ ಹೋಗಬೇಕು. ಹೋಗು" ಎಂದೆ.

ಎರಡು ಗುಂಡು ಹೊಡೆದಳು. ಮೂರನೆಯದಕ್ಕೆ ಬೆರಳು ಇಟ್ಟಾಗ ಉಸ್ತಾದರಿಗೆ ಸನ್ನೆ ಮಾಡಿದೆ. ಅವರು ಈ ಸಲ ಕೂಗಲಿಲ್ಲ, ಮನೆಯಲ್ಲಿ ನೀರು ಕೇಳುವ ದನಿಯಲ್ಲಿ "ಥಮ್" ಎಂದರು. ಬೆರಳು ಕೂಡಲೇ ಆಚೆ ಸರಿಯಿತು. ಮಲಗಿದಲ್ಲಿಂದಲೇ ಅವಳು "ಕೇಳಸ್ತ್ರಿ ಉಸ್ತಾದ್!" ಎಂದು ಕೂಗಿದಳು.

ಉಸ್ತಾದರು ತಮ್ಮ ಪಾಲಿನದನ್ನು ಎತ್ತಿ ತಲೆಗೆ ಹಾಕಿಕೊಂಡರು. ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದರು. ತಲೆ ವಾಲಿಸಿ ಆಲಿಸಿದರು. ಆಮೇಲೆ ಥಟ್ಟನೆ ಹಿಂದಕ್ಕೆ ತಿರುಗಿ, ಸಾಲಿನ ಕೊನೆಯ ಇಬ್ಬರು ಹುಡುಗಿಯರತ್ತ ಬೆರಳು ಮಾಡಿದರು.

"ನನ್ನ ಮೀಸಿಗೆ ಬಣ್ಣ ಹಚ್ಚೇನಿ ಅಂದವರು ಯಾರು?"

ಇಬ್ಬರೂ ಬಾಯಿಗೆ ಕೈ ಇಟ್ಟುಕೊಂಡರು. ಇಡೀ ರೇಂಜು ನಕ್ಕಿತು, ಉಸ್ತಾದರೂ ನಕ್ಕರು. ಊಟದ ಹೊತ್ತಿಗೆ ರೊಟ್ಟಿ ಮುರಿಯುತ್ತಾ ನನ್ನ ಪಕ್ಕ ಬಂದು ಕೂತು, "ಮೇಡಂ, ಇವರು ದಿನಾ ಇಷ್ಟು ಮಾತಾಡ್ತಾರೇನ್ರಿ?" ಎಂದು ಕೇಳಿದರು.

"ಹೌದ್ರಿ."

"ಮನ್ಯಾಗ ನಮ್ಮಾಕಿನೂ ಮಾತಾಡ್ತಿರಬೇಕು" ಎಂದು ತಾಟನ್ನು ಬದಿಗೆ ಸರಿಸಿದರು. "ಆ ಯಾದಗಿರಿ ಡಾಕ್ಟರು ಯಾವ ವ್ಯಾಳ್ಯಾಕ ಸಿಗ್ತಾರ್ರಿ?"

ಹದಿನೈದು ದಿನದೊಳಗೆ ಉಸ್ತಾದರ ಕಿವಿಯ ಹಿಂದೆ ಮಾತು ಕೇಳಿಸುವ ಸಣ್ಣ ಯಂತ್ರ ಬಂತು.

ಕಕ್ಕೇರಾದ ಹುಡುಗಿಯ ತಾಯಿ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವವರು. ಒಂದು ದಿನ ಕಾಲೇಜಿಗೆ ಬಂದಾಗ ಮೇಜಿನ ಮೇಲಿದ್ದ ಗವಸನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಮಿಲ್ಲಿನ್ಯಾಗೂ ನಡೀತೈತೇನ್ರಿ? ಸಂಜಿಗಿ ತಲಿ ಅನ್ನೂದು ಭಾರ ಆಗ್ತೈತ್ರಿ" ಎಂದರು. ದಿನವಿಡೀ ಒಂದೇ ಸಮನೆ ಮೊರೆಯುವ ಯಂತ್ರಕ್ಕೆ ಮೈಕು, ಸ್ಪೀಕರು ಬೇಕಿಲ್ಲ, ಒಳ್ಳೆಯ ಸಾದಾ ಬಟ್ಟಲು ಸಾಕು ಎಂದು ಹೇಳಿ ಒಂದು ತರಿಸಿಕೊಟ್ಟೆ. ಮರುವಾರ ಮಗಳ ಕೈಯಲ್ಲಿ ಚೀಟಿ ಬಂತು. ಜೊತೆಗೆ ಕೆಲಸ ಮಾಡುವ ಇನ್ನೂ ನಾಲ್ವರು ಕೇಳುತ್ತಿದ್ದಾರಂತೆ. ಆ ನಾಲ್ವರನ್ನೂ ಭಾನುವಾರ ನನ್ನ ಮನೆಗೆ ಬರಹೇಳಿದ್ದೇನೆ. ಸೆರಗು ಸರಿಸಿ, ಓಲೆ ತೆಗೆದು, ಒಬ್ಬೊಬ್ಬರಿಗೂ ಹಾಕಿ ನೋಡಿಯೇ ಆರಿಸುವವಳು ನಾನು.