ಕುಪವಾಡಕ್ಕೆ ಬಂದ ಅಮೆರಿಕದ ನಗೆ

ಮಿರಜಿನ ಪಕ್ಕದ ಕುಪವಾಡದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆ ಪಂಪಿನ ಬಿಡಿಭಾಗ ತಯಾರಿಸುತ್ತದೆ. ನನ್ನದು ತಪಾಸಣೆಯ ಕೆಲಸ. ಮೂರು ವರ್ಷದ ಹಿಂದೆ ಮಾಲೀಕರ ಅಳಿಯ ಮ್ಯಾನೇಜರಾಗಿ ಬಂದ. ಬಂದ ವಾರವೇ, ನಮ್ಮ ಆಫೀಸಿನಲ್ಲಿ ಯಾರೂ ನಗುವುದಿಲ್ಲ ಎಂದು ರೋಗ ಪತ್ತೆ ಮಾಡಿದವನಂತೆ ಸಾರಿದ. ಅದಕ್ಕೆ ಅವನು ತಂದ ಔಷಧ ಅಮೆರಿಕದ ಒಂದು ಹಾಸ್ಯ ಧಾರಾವಾಹಿ. ಶನಿವಾರ ಊಟವಾದ ಮೇಲೆ ನಮ್ಮನ್ನೆಲ್ಲ ಮೀಟಿಂಗ್ ಕೋಣೆಯಲ್ಲಿ ಕೂರಿಸಿ, ಗೋಡೆಯ ಟಿವಿಯಲ್ಲಿ ಒಂದೊಂದು ಕಂತು ತೋರಿಸುತ್ತಿದ್ದ.

ಅದೊಂದು ಸಣ್ಣ ಕಂಪನಿಯ ಕಥೆ. ಅಲ್ಲಿನ ಸಾಹೇಬನಿಗೆ ಕೆಲಸ ಬರುವುದಿಲ್ಲ. ಎಲ್ಲರೂ ತನ್ನನ್ನು ಮೆಚ್ಚಬೇಕೆಂಬ ಹಪಾಹಪಿ ಮಾತ್ರ. ಅವನು ಜೋಕು ಹೇಳಿದರೆ ಕೈಕೆಳಗಿನವರು ನಾಚಿಕೊಂಡು ನೆಲ ನೋಡುತ್ತಾರೆ. ಇಂಗ್ಲಿಷ್ ಬಾರದ ನಮ್ಮ ಪ್ಯಾಕಿಂಗಿನ ಹೆಂಗಸರಿಗೂ ಆ ಸಾಹೇಬ ಮೂರ್ಖನೆಂದು ಎರಡನೇ ವಾರಕ್ಕೆ ತಿಳಿಯಿತು. ನಮ್ಮ ಮ್ಯಾನೇಜರಿಗೆ ತಿಳಿಯಲಿಲ್ಲ. ಸಾಹೇಬನೆಂದರೆ ಹೀಗಿರಬೇಕು ಎಂದು ಅವನು ನಮಗೆ ಮರಾಠಿಯಲ್ಲಿ ಪಾಠ ಹೇಳಿದ.

ಧಾರಾವಾಹಿ ಮೂಲದಲ್ಲಿ ಬ್ರಿಟನ್ನಿನದು, ಅಮೆರಿಕದವರು ತಮ್ಮ ಜನಕ್ಕಾಗಿ ಮತ್ತೆ ಮಾಡಿಕೊಂಡದ್ದು ಎಂದು ಎಲ್ಲೋ ಓದಿದೆ. ಮಿರಜಿನ ಮನೆಯಲ್ಲಿ ಮೊಬೈಲಿನಲ್ಲಿ ಮೂಲವನ್ನೂ ನೋಡಿದೆ. ಅದು ಕಹಿ. ಅಮೆರಿಕದವರು ನೋಡುವವರಿಗೆ ಕಹಿಯಾಗದಿರಲೆಂದು ಸಾಹೇಬನಿಗೊಂದು ಒಳ್ಳೆಯ ಮನಸ್ಸು ಕೊಟ್ಟು ಸಕ್ಕರೆ ಬೆರೆಸಿದ್ದರು. ಆ ಸಕ್ಕರೆಯನ್ನೇ ನಮ್ಮವನು ಮೈಗೆಲ್ಲ ಬಳಿದುಕೊಂಡಿದ್ದ.

ಒಂದು ಶನಿವಾರ ಅವನು ಟಿವಿ ಆರಿಸಿ, ಈಗ ನಮ್ಮದೇ ಕಂತು ಎಂದ. ಸ್ಟೋರ್ ನೋಡಿಕೊಳ್ಳುವ ಕಾಕಾ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಗಡಿಯ ಲಿಂಗನೂರಿನವರು, ನನ್ನ ಹಾಗೆ ಅವರ ಮನೆಮಾತೂ ಕನ್ನಡ. ಮರಾಠಿಯಲ್ಲಿ ಖುರ್ಚಿ ಹೆಣ್ಣು, ದರವಾಜಾ ಗಂಡು. ಕನ್ನಡದಲ್ಲಿದ್ದಂತೆ ಕಾಕಾಗೆ ಎಲ್ಲ ವಸ್ತುವೂ ‘ಅದು’. ಹಾಗೆಯೇ ಮಾತಾಡಿಕೊಂಡು, ಯಾವ ಬೋಲ್ಟು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಮ್ಯಾನೇಜರ್ ಕಾಕಾನ ನಡಿಗೆ ನಡೆದ, ಅವರ ತಪ್ಪು ಮರಾಠಿ ಆಡಿದ, ಬಾಗಿಲನ್ನೂ ಕಾಕಾನ ಹೆಂಡತಿಯನ್ನೂ ‘ಅದು’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯಲ್ಲಿ ಇದೇ ತಪ್ಪಿಗೆ ನಗೆಪಾಟಲಾಗಿ ನಾಲಿಗೆ ತಿದ್ದಿಕೊಂಡವಳು ನಾನು. ನನ್ನ ಮರಾಠಿ ಶುದ್ಧವೆಂದು ತೋರಿಸಲು ಉಳಿದವರಿಗಿಂತ ಜೋರಾಗಿಯೇ ನಕ್ಕಿರಬೇಕು.

ಸಂಜೆ ಅಳತೆಯ ಗೇಜು ಮರಳಿಸಲು ಸ್ಟೋರಿಗೆ ಹೋದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಕಾಕಾ, ಅವನಿಗೆ ಬುದ್ಧಿ ಇಲ್ಲ ಎಂದೆ.

“ಅದು ನನಗೂ ಗೊತ್ತೈತಿ,” ಎಂದರು. “ನೀ ಯಾಕ ನಕ್ಕಿ, ತಂಗಿ?”

ನಾನು ಗೇಜನ್ನು ಮೇಜಿನ ಮೇಲಿಟ್ಟು ಬಂದೆ.

ಮುಂದಿನ ಶನಿವಾರ ಎದ್ದು ನಿಂತು, ಈ ಧಾರಾವಾಹಿ ನೋಡಿ ಜನ ನಗುವುದು ಸಾಹೇಬನ ಜೋಕಿಗಲ್ಲ, ಅವನ ದಡ್ಡತನಕ್ಕೆ ಎಂದು ಮ್ಯಾನೇಜರಿಗೆ ಹೇಳಿದೆ. ನಗಿಸುತ್ತಾನಲ್ಲ, ಅದೇ ಅವನ ದೊಡ್ಡ ಗುಣ ಎಂದು ಖುಷಿಯಿಂದ ತಲೆಯಾಡಿಸಿದ. ಅಂಥವನಿಗೆ ಬೈದರೂ ಹೊಗಳಿದಂತೆಯೇ ಕೇಳುತ್ತದೆ.

ಕಾಕಾ ಅಷ್ಟರಲ್ಲಿ ಅವನ ಜೊತೆ ಮರಾಠಿ ನಿಲ್ಲಿಸಿಬಿಟ್ಟಿದ್ದರು. ಏನು ಕೇಳಿದರೂ ಕನ್ನಡ. ನಿಧಾನವಾಗಿ, ‘ರಿ’ ಹಚ್ಚಿ, ಮರ್ಯಾದೆಯಿಂದ. ಒಂದು ಡ್ರಿಲ್ ಬೇಕಾದರೂ ಅವನು ಅನುವಾದಕ್ಕೆ ನನ್ನನ್ನು ಕರೆಯಬೇಕಾಯಿತು. ಮಾವನ ಹತ್ತಿರ ದೂರು ಒಯ್ದ. ಕನ್ನಡ ಬಲ್ಲ ಮಾಲೀಕರು, ಸ್ಟೋರಿನ ಕೆಲಸ ಸರಿಯಾಗಿ ನಡೆದಿದೆಯಲ್ಲ ಎಂದು ಅಳಿಯನನ್ನೇ ವಾಪಸು ಕಳಿಸಿದರು. ಎರಡು ತಿಂಗಳಲ್ಲಿ ಅವನಿಗೆ ಧಾರಾವಾಹಿ ಬೇಸರವಾಗಿ ನಮಗೆಲ್ಲ ಯೋಗ ಕಲಿಸಲು ಹೊರಟ.

ಕಾಕಾ ಕಳೆದ ವರ್ಷ ನಿವೃತ್ತರಾದರು. ಅಲ್ಲಿಯತನಕ ಅವನೊಡನೆ ಒಂದೂ ಮರಾಠಿ ಶಬ್ದ ಆಡಲಿಲ್ಲ. ನನ್ನೊಡನೆ ಮಾತ್ರ, ಸ್ಟೋರಿನ ಆ ಸಂಜೆಯ ನಂತರ, ಮರಾಠಿಯಲ್ಲೇ ಮಾತಾಡಿದರು. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಮರಾಠಿಯಲ್ಲಿ, ಎಂದಿನ ತಪ್ಪುಗಳ ಸಮೇತ, ಈಗಲೂ ನಗುತ್ತೇನೋ ಎಂಬಂತೆ ನನ್ನ ಮುಖ ನೋಡಿಕೊಂಡೇ ಬರುತ್ತಿತ್ತು.