ತಲುಪಿದ ಸುದ್ದಿ

ಅಕ್ಕ ತೀರಿಕೊಂಡ ದಿನ ನಾನು ಮೊರಾಕ್ಕೊದ ಮರುಭೂಮಿ ಸೀಮೆಯ ಒಂದು ಕಣಿವೆಯಲ್ಲಿ ಒಬ್ಬಳೇ ಸೈಕಲ್ ತುಳಿಯುತ್ತಿದ್ದೆ. ಅವಳು ಲಂಡನ್ನಿನ ಆಸ್ಪತ್ರೆಯಲ್ಲಿದ್ದಳು. ಹಿಂದಿನ ದಿನವೇ ಉಸಿರಾಟ ಹದಗೆಟ್ಟಿತ್ತಂತೆ. ಅದೇ ಊರಿನ ಹ್ಯಾರೋ ಬಡಾವಣೆಯಲ್ಲಿರುವ ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಯಾರೂ ಹೇಳಲಿಲ್ಲ. ದಾರಿಯಲ್ಲಿರುವವರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು, ಎದೆಗೆಟ್ಟು ಎಲ್ಲಾದರೂ ಬಿದ್ದಾರು, ಮೊದಲು ಊರು ತಲುಪಲಿ ಎನ್ನುವುದು ನಮ್ಮ ಮನೆಗಳ ರೂಢಿ. ಆ ರೂಢಿಗೆ ಬೆಂಕಿ ಬೀಳಲಿ. ಬೆಳಿಗ್ಗೆಯೇ ಹೇಳಿದ್ದರೆ ಫೋನಿನಲ್ಲಾದರೂ ಅವಳ ಧ್ವನಿ ಕೇಳುತ್ತಿದ್ದೆ.

ಈ ಪ್ರವಾಸಕ್ಕೆ ನನ್ನನ್ನು ನೂಕಿದವಳು ಅವಳೇ. ಕೀಮೋ ಮುಗಿದಿತ್ತು, ಸ್ಕ್ಯಾನ್ ಪರವಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾನು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ದುಡಿಯುವವಳು, ಅದರ ಹತ್ತಿರದ ಫೆಲ್ಥಮ್‌ನ ಫ್ಲಾಟಿನಲ್ಲಿ ಒಂಟಿಯಾಗಿರುವವಳು. ನನಗೆ ಸಿಗುವ ರಜೆಯೇ ಅಷ್ಟಕ್ಕಷ್ಟೆ. ಅದನ್ನೂ ರದ್ದು ಮಾಡಿ ಇಲ್ಲೇ ಇರುತ್ತೇನೆ ಎಂದಾಗ ಅಕ್ಕ ಸೋಫಾದ ಮೇಲೆ ಒರಗಿಕೊಂಡೇ ಗದರಿದಳು. ಲಂಡನ್ನಿನಲ್ಲಿ ಇಷ್ಟು ವರ್ಷ ಕಳೆದರೂ ಅವಳ ಧಾರವಾಡದ ಮಾತು ಒಂದಿಷ್ಟೂ ಸವೆದಿರಲಿಲ್ಲ.

“ನನ್ನ ಮಾರಿ ನೋಡ್ಕೋತ ಕುಂತ್ರ ನನಗ ಆರಾಮ ಆಗತದೇನು? ಸುಮ್ನ ಹೋಗಿ ಬಾ. ಏನೇನ್ ನೋಡ್ತಿ, ಎಲ್ಲಾ ಫೋಟೋ ಕಳಸು. ಮತ್ತ ಬರೇ ನಿನ್ನ ಸೈಕಲ್ ಫೋಟೋ ಕಳಸಬ್ಯಾಡ.”

ಆವತ್ತು ಬೆಳಿಗ್ಗೆ ಖರ್ಜೂರದ ತೋಟಗಳ ನಡುವಿನ ಹಳ್ಳಿಯಿಂದ ಹೊರಡುವಾಗ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಅವಳು ಹೇಗಿದ್ದಾಳೆಂದು ಮೆಸೇಜು ಹಾಕಿದೆ. “ಮಲಗಿದ್ದಾಳೆ. ನೀನು ಹುಷಾರಾಗಿ ಹೋಗು” ಎಂದು ಉತ್ತರ ಬಂತು. ಸುಳ್ಳೇನಲ್ಲ. ಯಾವ ಮಂಚದ ಮೇಲೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ರಸ್ತೆ ಒಣಗಿದ ಹೊಳೆಯ ಪಕ್ಕದಲ್ಲೇ ಸಾಗುತ್ತಿತ್ತು. ಎರಡೂ ಕಡೆ ಕೆಮ್ಮಣ್ಣು ಬಳಿದ ಗೋಡೆಗಳಂತೆ ಬಂಡೆಗಳೆದ್ದು, ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಉಳಿದಿತ್ತು. ಮೊದಲ ತಿರುವಿನಲ್ಲಿ ಒಂದು ಫೋಟೋ ಕಳಿಸಿದೆ, ಮೇಕೆಗಳು ಅಡ್ಡ ಬಂದಾಗ ಇನ್ನೊಂದು. ನೋಡಿದ ಗುರುತು ಬಿತ್ತು, ಮಾತು ಬರಲಿಲ್ಲ. ಒಂದು ಫೋಟೋಗೆ ನಾಲ್ಕು ಕೊಂಕು ನುಡಿಯುವವಳು ಸುಮ್ಮನಿದ್ದಾಳೆಂದರೆ ನಿದ್ದೆಗಣ್ಣಿನಲ್ಲಿರಬೇಕು ಅಂದುಕೊಂಡೆ. ಬಂಡೆಯ ನೆರಳಿನಲ್ಲಿ ಕೂತು, ಅಲ್ಲಿಯ ದುಂಡು ರೊಟ್ಟಿಗೆ ಅವಳೇ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ಅಕ್ಕ ಉಸಿರಿಗೆ ಒದ್ದಾಡುತ್ತಿದ್ದ ಹೊತ್ತಿನಲ್ಲಿ ನಾನು ತುಂಬ ಸುಖವಾಗಿದ್ದೆ.

ಮಧ್ಯಾಹ್ನದ ಮೇಲೆ ಕಣಿವೆ ಕಿರಿದಾಯಿತು, ಸಿಗ್ನಲ್ ಹೋಯಿತು. ಎದುರುಗಾಳಿ ಬೇರೆ, ಮರಳು ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ಕಡಿದಾದ ಏರಿನಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಸುತ್ತ ನರಪಿಳ್ಳೆಯೂ ಇರಲಿಲ್ಲ. ಬೆವರಿದ ಕೈಯಿಂದ ಟೈರು ಜಾರಿ ಜಾರಿ ಹೋಗುತ್ತಿದ್ದಾಗ, ಹಾಳಾಗಿ ಹೋಗು ಎಂದು ಅಚ್ಚ ಕನ್ನಡದಲ್ಲಿ ಬೈದೆ. ಬಂಡೆಗಳು ಅದನ್ನೇ ತಿರುಗಿ ನನಗೆ ಅಂದವು. ಆ ರಿಪೇರಿಗೆ ಬಹಳ ಹೊತ್ತು ಹಿಡಿಯಿತು.

ಕಣಿವೆಯ ತುದಿಯ ಹಳ್ಳಿ ತಲುಪಿದಾಗ ಬಿಸಿಲು ಬಂಡೆಗಳ ನೆತ್ತಿಯಲ್ಲಷ್ಟೇ ಉಳಿದಿತ್ತು. ಉಳಿದುಕೊಳ್ಳಲಿದ್ದ ಮನೆಯ ಅಂಗಳದಲ್ಲಿ ಸಿಗ್ನಲ್ ಸಿಕ್ಕಿದ್ದೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿಕೊಂಡವರು ಭಾವ.

“ತಲುಪಿದ್ಯಾ? ಊಟ ಆಯ್ತಾ?”

“ಈಗ ಬಂದೆ. ಅಕ್ಕನ ಕೈಯಾಗ ಕೊಡ್ರಿ.”

“ಮೊದ್ಲು ಊಟ ಮಾಡಮ್ಮ. ಆಮೇಲೆ ಮಾತಾಡೋಣ.”

ಅಷ್ಟಕ್ಕೇ ನನಗೆ ತಿಳಿಯಿತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಸ್ನಾನ ಮಾಡದೆ ಅನ್ನ ಮುಟ್ಟುವಂತಿಲ್ಲ. ಅದಕ್ಕೇ ನಮ್ಮವರು ಮೊದಲು ಉಣ್ಣಿಸಿ, ಆಮೇಲೆ ಬಾಯಿ ಬಿಡುತ್ತಾರೆ. ಹೆಲ್ಮೆಟ್ಟನ್ನೂ ತೆಗೆಯದೆ ಆ ಅಂಗಳದಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಮನೆಯೊಡತಿಗೆ ನನ್ನ ಭಾಷೆ ಬಾರದು, ನನಗೆ ಅವಳದು. ಅವಳು ಬಂದು ಪಕ್ಕದಲ್ಲಿ ಕೂತಳು.

ಲಂಡನ್ನಿಗೆ ಮರಳಿ, ಅಕ್ಕನನ್ನು ಕ್ರಿಮೆಟೋರಿಯಂಗೆ ಕಳಿಸಿಕೊಟ್ಟು ಹ್ಯಾರೋದ ಮನೆಗೆ ಬಂದೆವು. ಬಂದವರೆಲ್ಲ ಕಾರು ಹತ್ತಿ ಹೋಗುವವರೆಗೆ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ತಡೆಯಲಾಗದೆ ಭಾವನ ಮೇಲೆ ಹರಿಹಾಯ್ದೆ.

“ಮುಂಜಾನೇನ ಹೇಳಬೇಕಿತ್ತಲ್ಲ. ನಾ ಏನ್ ಸಣ್ಣ ಹುಡುಗೀನ? ಒಂದ್ ಮಾತು ಆಡಿಸಿದ್ರ ನಿಮ್ಮ ಗಂಟೇನ್ ಹೋಗತಿತ್ತು?”

ಭಾವ ಸಿಂಕಿನ ಮುಂದೆ ನಿಂತು ಲೋಟ ತೊಳೆಯುತ್ತಿದ್ದರು. ಮೈಸೂರಿನವರು, ಎಂದೂ ದನಿ ಏರಿಸುವವರಲ್ಲ. ಈ ಕಡೆ ತಿರುಗದೆಯೇ ಹೇಳಿದರು.

“ಅವಳೇ ಬೇಡ ಅಂದ್ಲು. ಬೆಟ್ಟದ ದಾರಿ, ಒಬ್ಬಳೇ ಇದ್ದಾಳೆ, ಸೈಕಲ್ ಇಳಿಯೋವರ್ಗೂ ಹೇಳ್ಬೇಡಿ ಅಂದ್ಲು. ನಿನ್ನ ಫೋಟೋ ಎಲ್ಲ ನಾನೇ ಅವಳ ಮುಖದ ಮುಂದೆ ಹಿಡಿದು ತೋರಿಸ್ದೆ. ಆಮೇಲೆ ಫೋಟೋ ಬರೋದು ನಿಂತುಹೋಯ್ತಲ್ಲ, ಆಗಿಂದ ಒಂದೇ ಮಾತು. ಮುಟ್ಟಿದ್ಳೇನು, ಮುಟ್ಟಿದ್ಳೇನು ಅಂತ. ಎಷ್ಟು ಔಷಧಿ ಕೊಟ್ರೂ ಕಣ್ಣು ಮುಚ್ತಿರ್ಲಿಲ್ಲ. ಆ ಸಂಕಟ ನೋಡೋಕಾಗ್ಲಿಲ್ಲ ನನಗೆ. ತಲುಪಿದ್ಲು ಕಣೇ, ಈಗ ಫೋನ್ ಬಂತು ಅಂದ್ಬಿಟ್ಟೆ.”

“ಆಮ್ಯಾಲೆ?”

“ಸರಿ ಅಂದ್ಲು. ಕಣ್ಣು ಮುಚ್ಚಿದ್ಲು. ಅಷ್ಟೇ.”

ನಲ್ಲಿ ಸುರಿಯುತ್ತಲೇ ಇತ್ತು. ನಾನು ಅದನ್ನು ನಿಲ್ಲಿಸಿದೆ. ಫೋಟೋ ಹೋಗುವುದು ನಿಂತ ಆ ಹೊತ್ತಿನಲ್ಲಿ ನಾನು ಏರಿನ ಮೇಲೆ ಚಕ್ರ ಬಿಚ್ಚಿಕೊಂಡು ಕೂತಿದ್ದೆ.

“ಭಾವ, ನಾ ಇನ್ನೂ ಮುಟ್ಟಿರಲಿಲ್ಲರಿ” ಎಂದೆ.

“ಗೊತ್ತು” ಎಂದರು.