ದೇವರ ಮೇಲೆ ಹಾಕದ ತಪ್ಪು

ನಾವು ಬೌದ್ಧರಾದ ವರ್ಷ ಅಪ್ಪ ಪೂಜೆಯ ಜಗಲಿಯ ಮೇಲಿನ ದೇವರ ಮೂರ್ತಿಗಳನ್ನೆಲ್ಲ ಒಂದು ಹಳೆಯ ಧೋತರದಲ್ಲಿ ಕಟ್ಟಿ, ಸೈಕಲ್ ಮೇಲೆ ಉಣಕಲ್ ಕೆರೆಗೆ ಒಯ್ದು ಬಿಟ್ಟುಬಂದ. ಅವನು ಹುಬ್ಬಳ್ಳಿಯ ಕಾರಖಾನೆಯೊಂದರಲ್ಲಿ ಫಿಟರ್ ಆಗಿದ್ದ. ಅವತ್ತು ಆಯಿ, ಅಂದರೆ ಅಪ್ಪನ ತಾಯಿ, ಉಣ್ಣಲಿಲ್ಲ.

"ದುರ್ಗವ್ವನ್ನ ನೀರಿಗೆ ಹಾಕಿದಿ. ಆಕಿ ಸುಮ್ಮನ ಇರೂದಿಲ್ಲಪಾ" ಅಂದಳು.

"ದೇವರ ಇಚ್ಛಾ, ದೇವರ ಇಚ್ಛಾ ಅಂತ ಹೇಳಿ ಹೇಳಿನ ನಮ್ಮನ್ನ ಊರ ಹೊರಗ ಕುಂಡ್ರಿಸ್ಯಾರ. ಇನ್ನ ಆ ಮಾತು ನಮ್ಮ ಮನ್ಯಾಗ ಬ್ಯಾಡ" ಅಂದ ಅಪ್ಪ.

ನಾನಾಗ ಸಣ್ಣ ಸಾಲೆಯಲ್ಲಿ ಓದುತ್ತಿದ್ದೆ. ಅಪ್ಪನ ಮಾತು ಸರಿ ಅನಿಸುತ್ತಿತ್ತು, ಆದರೆ ಖಾಲಿ ಜಗಲಿ ನೋಡಿದರೆ ಅಂಜಿಕೆಯಾಗುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ, ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದ ನನ್ನ ತಮ್ಮನಿಗೆ ವಾಂತಿ-ಭೇದಿ ಹತ್ತಿತು. ಮುಂಜಾನೆ ಅಪ್ಪ ಕೆಲಸಕ್ಕೆ ಹೊರಟಾಗ ಅವ್ವ, "ಕೂಸಿನ ಕಣ್ಣು ಒಳಗ ಹೋಗ್ಯಾವ್ರಿ. ದವಾಖಾನಿಗೆ ಒಯ್ಯೂಣು" ಅಂದಳು. ಅಪ್ಪ ಬಗ್ಗಿ ಕೂಸಿನ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ಅಷ್ಟರಲ್ಲಿ ಆಯಿ ಹಿಂದಿನಿಂದ, "ದವಾಖಾನಿ ಏನ ಮಾಡ್ತೈತಿ? ಇದು ದುರ್ಗವ್ವನ ಸಿಟ್ಟು. ಹೋಗಿ ತಪ್ಪಾತು ಅನ್ನು" ಎಂದಳು.

ಅಪ್ಪ ನೆಟ್ಟಗೆ ನಿಂತ. ಅವನ ಮುಖ ಬಿಗಿಯಿತು.

"ಯಾರ ಸಿಟ್ಟೂ ಅಲ್ಲ. ಹಲ್ಲು ಬರಾಕತ್ತಾವ, ಅಷ್ಟ. ಸಂಜೀಕ ಒಯ್ಯೂಣು" ಎಂದವನೇ ಬುತ್ತಿ ಹಿಡಿದು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಕೂಸು ಅಳುವುದನ್ನೂ ಬಿಟ್ಟಿತು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿ ಹೊರಟಳು. ಆಯಿ ಬಾಗಿಲಿಗೆ ಅಡ್ಡ ನಿಂತು, "ತಡಿ, ಗುಡಿಯಿಂದ ಭಂಡಾರ ತರ್ತೀನಿ. ಹಚ್ಚಿಕೊಂಡು ಹೋಗ್ರಿ" ಅಂದಳು. ಅತ್ತೆಯ ಮಾತು ಮೀರಲಾಗದೆ ಅವ್ವ ಕಾದಳು. ಆಯಿ ಬಂದು ಕೂಸಿನ ಹಣೆಗೆ ಅರಿಶಿನದ ಪುಡಿ ಹಚ್ಚಿದ ಮೇಲೆಯೇ ನಾವು ಟಾಂಗಾ ಹತ್ತಿದ್ದು. ಡಾಕ್ಟರು ಕೂಸಿನ ಕೈಹಿಡಿದು ನೋಡಿ, "ಮುಂಜಾನೇನ ಯಾಕ ತರಲಿಲ್ಲ?" ಎಂದು ಕೇಳಿದರು. ಅವ್ವ ಯಾರ ಮೇಲೂ ತಪ್ಪು ಹಾಕಲಿಲ್ಲ. ಸುದ್ದಿ ತಿಳಿದು ಅಪ್ಪ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಓಣಿಯ ತುದಿಗೆ ಕಿರಾಣಿ ಅಂಗಡಿ ಇಟ್ಟಿದ್ದ, ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು ಮಾತಾಡಿಸಲು ಬಂದರು. ಹಣೆತುಂಬ ವಿಭೂತಿ ಧರಿಸುವ, ಮೆತ್ತನೆಯ ಮಾತಿನ ಮನುಷ್ಯ. ಹೊಸ್ತಿಲ ಹೊರಗೇ ನಿಂತು, "ಶಿವನ ಇಚ್ಛಾ. ನಮ್ಮ ಕೈಯಾಗ ಏನೈತಿ?" ಎಂದರು.

"ಇತ್ರಿ ಕಾಕಾ" ಅಂದ ಅಪ್ಪ. "ಮುಂಜಾನಿ ನನ್ನ ಕೈಯಾಗ ಇತ್ತು."

ಕಾಕಾ ತಲೆ ತಗ್ಗಿಸಿ ಅಂಗಡಿಯ ಕಡೆ ನಡೆದರು.

ಆಯಿಗಾದರೆ ಒಂದು ಆಸರೆ ಇತ್ತು. ಕೊಟ್ಟಾಕಿಯೂ ದುರ್ಗವ್ವ, ಒಯ್ದಾಕಿಯೂ ಆಕಿ ಎಂದು ಅತ್ತು ಹಗುರಾಗುತ್ತಿದ್ದಳು. ಅಪ್ಪ ಅಳಲೂ ಇಲ್ಲ. ಅವ್ವ ಅವನೊಂದಿಗೆ ಮಾತು ಕಡಿಮೆ ಮಾಡಿದಳು. ಒಂದು ರವಿವಾರ ಆಯಿ ಮಗನ ಪಕ್ಕ ಕೂತು ಅಂಗಲಾಚಿದಳು.

"ಆಕಿ ಒಯ್ದಳು ಅಂತ ಒಂದ ಸರ್ತಿ ಅನ್ನಪಾ. ಖರೇ ಅನಸದಿದ್ರೂ ಅನ್ನು. ಜೀವಕ್ಕ ಹಗುರಾಕ್ಕೈತಿ."

"ಹಗುರ ಆಗಬಾರದಬೇ. ಅವತ್ತ ನಾ ಕೂಸಿನ್ನ ನೋಡಲಿಲ್ಲ. ನಿನ್ನ ಮಾತು ಸುಳ್ಳ ಮಾಡೂದನ್ನಷ್ಟ ನೋಡಿದ್ನಿ."

ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಭಂಡಾರ ತರಾಕ ಹೋಗಿ ತಡಾ ಮಾಡಿದಾಕಿ ನಾನು" ಅಂದಳು. ಆ ಮಾತಿನಲ್ಲಿ ದುರ್ಗವ್ವ ಇರಲಿಲ್ಲ.

ಅಪ್ಪನದು ಕಲ್ಲುಮನಸ್ಸು ಎಂದು ನಾನು ಬಹಳ ದಿನ ಸಿಟ್ಟಾಗಿದ್ದೆ. ದೇವರ ಇಚ್ಛೆ ಎಂಬ ಮಾತಿನಲ್ಲಿ ಒಂದು ಕರುಣೆ ಇದೆ, ಅದು ಹೊರಲಾರದ್ದನ್ನು ಇಳಿಸಿಕೊಳ್ಳುತ್ತದೆ. ಆದರೆ ಹೊರಬೇಕಾದ್ದನ್ನೂ ಇಳಿಸಿಬಿಡುತ್ತದಲ್ಲ ಎಂಬ ಸಂಶಯ ನನಗೆ ಹುಟ್ಟಿದ್ದು ಮುಂದಿನ ಮಳೆಗಾಲದಲ್ಲಿ.

ಕಾಕಾ ಅವರ ಮೊಮ್ಮಗುವಿಗೂ ಅದೇ ಬೇನೆ ಬಂತು. ಅವರ ಮನೆಯಲ್ಲಿ ಎಲ್ಲರೂ ಕೂಸಿನ ಸುತ್ತ ಕೂತು ಶಿವನಾಮ ಹೇಳುತ್ತಿದ್ದಾರೆಂದು ತಿಳಿದದ್ದೇ ತಡ, ಅಪ್ಪ ಉಣ್ಣುವ ತಾಟು ಬಿಟ್ಟು ಎದ್ದ. ನಮ್ಮವರು ಯಾರೂ ಎಂದೂ ದಾಟದ ಹೊಸ್ತಿಲನ್ನು ಕೇಳದೇ ದಾಟಿ ಒಳಗೆ ಹೋದ. ಕೂಸನ್ನೆತ್ತಿ ಅದರ ತಾಯಿಯ ಕೈಗಿಟ್ಟು, ಇಬ್ಬರನ್ನೂ ಸೈಕಲ್ ಮೇಲೆ ಕೂಡಿಸಿಕೊಂಡು ದವಾಖಾನೆಗೆ ಹೋದ. ಯಾರೂ ತಡೆಯಲಿಲ್ಲ.

ಸಂಜೆ ಕಾಕಾ ನಮ್ಮ ಮನೆಗೆ ಬಂದು, "ದೇವರು ಬಂದಂಗ ಬಂದಿಪಾ" ಎಂದು ಕೈಮುಗಿದರು.

"ಹಂಗ ಅನಬ್ಯಾಡ್ರಿ. ತಡಾ ಮಾಡದ ಲಗೂ ಹೋದ್ವಿ, ಅಷ್ಟ" ಅಂದ ಅಪ್ಪ.

ಅವರು ಹೋದ ಮೇಲೆ ಅವ್ವ ಹೊರಗೆ ಬಂದು, "ಕೂಸು ಹೆಂಗೈತ್ರಿ?" ಎಂದು ಕೇಳಿದಳು.

"ಉಳೀತು."

ಅವ್ವ ಅಡಿಗೆಮನೆಗೆ ಹೋಗಿ ದೊಡ್ಡ ದನಿ ತೆಗೆದು ಅತ್ತಳು. ಒಳಗೆ ಹೋಗಬೇಕೋ ಬೇಡವೋ ತಿಳಿಯದೆ ಅಪ್ಪ ಕಟ್ಟೆಯ ಮೇಲೆಯೇ ಕೂತಿದ್ದ.